ಅಂಕದಾಚೆಗೂ ಮಕ್ಕಳಿದ್ದಾರೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪತ್ರಿಕೆಗಳಲ್ಲಿ 625ಕ್ಕೆ 625 ಪಡೆದವರ ಫೋಟೊಗಳೇ ಜಾಸ್ತಿ. ಉಳಿದ ಮಕ್ಕಳ ಸುದ್ದಿ ಎಲ್ಲೂ ಇರುವುದಿಲ್ಲ. ಟಾಪರ್‌ಗಳ ಶ್ರಮ ದೊಡ್ಡದು, ಎರಡು ಮಾತಿಲ್ಲ. ಆದರೆ ನಮ್ಮೂರ ಶಾಲೆಯ ಕೊಕ್ಕೊ ತಂಡದ ನಾಯಕಿ ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿಯೇ ತರಗತಿಗೆ ಬರುತ್ತಿದ್ದಳು. ಮಾತು ಕಡಿಮೆ, ಕೆಲಸ ಚುರುಕು. ಕೆಟ್ಟ ಸ್ವಿಚ್ ಬೋರ್ಡ್ ಬಿಚ್ಚಿ ನೋಡುವ ಹುಚ್ಚು ಬೇರೆ. ಈಗ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಸೇರುವ ಆಸೆ ಅವಳಿಗೆ. ಇಂಥವರ ಪರಿಚಯವೂ ಆಗಬೇಕು ಅಲ್ವಾ? ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ಫಲಿತಾಂಶದ ನಂತರ ಒಂದು ತಿಂಗಳಾದರೂ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ನಾಲ್ಕೈದು ಮಕ್ಕಳ ಹವ್ಯಾಸ, ಸ್ವಭಾವ, ಮುಂದಿನ ಯೋಜನೆಗಳ ಬಗ್ಗೆ ಬರೆಯಿರಿ.

– ನಿವೃತ್ತ ಶಿಕ್ಷಕಿ, ತಿಪಟೂರು