ಅಪ್ಪನ ಕೈಯ ‘ನರ’

ಶಿರಸಿ, ಭಾನುವಾರ

ಪ್ರೀತಿಯ ಕೂಸೇ,

ಮೊನ್ನೆ ನೀನು ಪ್ರಶ್ನೆ ಕೇಳಿದ ಕೂಡಲೇ ‘ಹಾಲು ಉಕ್ತು’ ಅಂತ ಫೋನ್ ಇಟ್ಟೆನಲ್ಲ, ಹಾಲೇನೂ ಉಕ್ಕಿರಲಿಲ್ಲ. ಉತ್ತರ ಹೊಳೆದಿರಲಿಲ್ಲ. ಶುದ್ಧ ರಕ್ತ ಒಯ್ಯುವುದು ಅಪಧಮನಿ, ಅಶುದ್ಧ ರಕ್ತ ಒಯ್ಯುವುದು ಅಭಿಧಮನಿ ಅಂತ 20 ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ‘ಹಾಗಾದ್ರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗೋದು ಯಾವುದು ಆಯಿ?’ ಅಂದೆ ನೀನು.

ಅದೂ ಅಪಧಮನಿಯೇ. ಆದರೆ ಅದರಲ್ಲಿರುವುದು ಆಮ್ಲಜನಕ ಕಡಿಮೆಯಾದ ರಕ್ತ. ಹೃದಯದಿಂದ ಹೊರಟರೆ ಅಪಧಮನಿ, ವಾಪಸ್ ಬಂದರೆ ಅಭಿಧಮನಿ. ಹೆಸರಿಟ್ಟದ್ದು ದಾರಿ ನೋಡಿ, ಒಳಗೆ ಹರಿಯುವುದನ್ನು ನೋಡಿ ಅಲ್ಲ. ಪಾಠದ ಪುಸ್ತಕದ ಚಿತ್ರದಲ್ಲಿನ ನೀಲಿ ಬಣ್ಣವೂ ಬರೀ ಗುರುತಿಗೆ. ರಕ್ತ ಎಲ್ಲಿದ್ದರೂ ಕೆಂಪೇ, ಆಮ್ಲಜನಕ ಇಳಿದರೆ ಕಳಿತ ಮುರುಗಲು ಹಣ್ಣಿನ ಹಾಗೆ ಕಡುಗೆಂಪು.

ಇವತ್ತು ಅಪ್ಪ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಮುಂಗೈ ತುಂಬ ‘ನರ’ ಉಬ್ಬಿತ್ತು. ನಾವು ನರ ಅನ್ನುವುದು ಸುಮ್ನೆ ರೂಢಿಗೆ, ಅವು ಅಭಿಧಮನಿಗಳು. ಕೈ ಎಳೆದುಕೊಂಡೆ. ಮಣಿಕಟ್ಟಿನ ಹತ್ತಿರ ಒಂದನ್ನು ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಬೆರಳಿಂದ ಮೊಣಕೈ ಕಡೆ ಸವರಿದೆ. ನಾಳ ಚಪ್ಪಟೆಯಾಯಿತು. ಮೇಲಿನ ಬೆರಳು ತೆಗೆದೆ, ರಕ್ತ ಕೆಳಗಿಳಿಯಲಿಲ್ಲ. ಒಳಗೆ ಒಂದೇ ಕಡೆಗೆ ತೆರೆಯುವ ಕವಾಟ ತಡೆದಿತ್ತು. ಕೆಳಗಿನ ಬೆರಳು ಬಿಟ್ಟೆ, ಬುಳಕ್ಕನೆ ತುಂಬಿಕೊಂಡಿತು. ‘ಬ್ಯಾರೆ ಕೆಲ್ಸ ಇಲ್ಯನೇ ನಿಂಗೆ?’ ಅಂದರು ಅಪ್ಪ.

ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಇದನ್ನೇ ತೋರಿಸಿ, ರಕ್ತ ಸುತ್ತು ಹೊಡೆಯುತ್ತದೆ ಅಂತ 1628ರಲ್ಲಿ ಬರೆದದ್ದು. ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತ ಎಲ್ಲಿ ದಾಟುತ್ತದೆ ಅನ್ನುವುದು ಅವನಿಗೆ ಕಾಣಲೇ ಇಲ್ಲ. ಅವನು ತೀರಿಕೊಂಡು ನಾಲ್ಕು ವರ್ಷಕ್ಕೆ, 1661ರಲ್ಲಿ, ಮಾಲ್ಪೀಗಿ ಎಂಬಾತ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ, ಅವೆರಡನ್ನೂ ಜೋಡಿಸುವ ಅತಿ ಸಣ್ಣ ಲೋಮನಾಳಗಳನ್ನು ಕಂಡ. ಅವುಗಳ ಗೋಡೆ ಒಂದೇ ಒಂದು ಪದರ ಜೀವಕೋಶದ್ದು. ಕೆಂಪು ರಕ್ತಕಣಗಳು ಒಂದರ ಹಿಂದೊಂದು ನುಸುಳಬೇಕು. ಆಮ್ಲಜನಕ ಹೊರಗೆ, ಕಸ ಒಳಗೆ, ಎಲ್ಲ ಅಲ್ಲೇ.

ಉಳಿದೆರಡಕ್ಕೂ ಮೂರು ಪದರ. ಅಪಧಮನಿಯ ನಡುಪದರದಲ್ಲಿ ಸ್ನಾಯು, ಹಿಗ್ಗಿ ಕುಗ್ಗುವ ಎಳೆ ಎರಡೂ ಜಾಸ್ತಿ. ಹೃದಯ ನೂಕಿದ ರಭಸ ತಾಳಬೇಕಲ್ಲ. ಎಲ್ಲಕ್ಕಿಂತ ದೊಡ್ಡದಾದ ಮಹಾಪಧಮನಿಯ ಅಗಲ ಸುಮಾರು 2.5 ಸೆಂಟಿಮೀಟರ್. ಅಭಿಧಮನಿಯ ಗೋಡೆ ತೆಳು. ಕಾಲಿನ ರಕ್ತ ಮೇಲೆ ಹತ್ತಲು ಮೀನಖಂಡದ ಸ್ನಾಯು ಹಿಂಡಬೇಕು, ಕವಾಟ ಹಿಡಿದುಕೊಳ್ಳಬೇಕು. ನಿಂತು ನಿಂತು ಪಾಠ ಮಾಡಿದ ನನ್ನ ಕಾಲಲ್ಲಿ ಆ ಕವಾಟಗಳೇ ಸೋರುತ್ತಿವೆಯಂತೆ. ಹಸಿರು ಬಳ್ಳಿ ಸುತ್ತಿಕೊಂಡ ಹಾಗಿದೆ ನೋಡು. ಸ್ಟೂಲಿನ ಮೇಲೆ ಕಾಲು ಚಾಚಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಾಳೆ ಎಂಟನೇ ಕ್ಲಾಸಿನವರಿಗೆ ತಿದ್ದಿ ಹೇಳುತ್ತೇನೆ. ಹಳೆಯ ಮಕ್ಕಳನ್ನು ಎಲ್ಲಿ ಹುಡುಕಲಿ? ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನಮಸ್ಕಾರ ಟೀಚರ್ ಅಂದರೆ ನಿಲ್ಲಿಸಿಕೊಂಡು ಹೇಳಿಬಿಡುತ್ತೇನೋ ಏನೋ.

ನಿನ್ನ
ಆಯಿ