ನೋವು ಹತ್ತರಲ್ಲಿ ಎಷ್ಟು?

ಸಂಪಾದಕರೇ,

ಯಾವ ದೇಶದ ಜನ ಎಷ್ಟು ಸುಖವಾಗಿದ್ದಾರೆ ಅನ್ನುವ ಪಟ್ಟಿ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದೆ. 2018ರಿಂದ ಮೊದಲ ಸ್ಥಾನ ಫಿನ್ಲೆಂಡಿಗೇ. ಇದನ್ನು ಹೇಗಪ್ಪಾ ಅಳೆಯುತ್ತಾರೆ ಅಂತ ಹುಡುಕಿ ಓದಿದೆ. ಒಂದು ಏಣಿ ಇದೆ ಅಂದುಕೊಳ್ಳಿ, ಬುಡದಲ್ಲಿ ಸೊನ್ನೆ, ತುದಿಯಲ್ಲಿ ಹತ್ತು, ನಿಮ್ಮ ಬದುಕು ಯಾವ ಮೆಟ್ಟಿಲಲ್ಲಿದೆ ಹೇಳಿ. ಇಷ್ಟೇ ಪ್ರಶ್ನೆ. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರ ಏಣಿ ಇದು.

ಓದುತ್ತಿದ್ದಂತೆ ಅಪ್ಪ ನೆನಪಾದರು. ಆಪರೇಷನ್ ಆದ ಮಾರನೇ ದಿನ ನರ್ಸ್ ಬಂದು "ನೋವು ಹತ್ತರಲ್ಲಿ ಎಷ್ಟು?" ಅಂತ ಕೇಳಿದರು. ಅಪ್ಪ ಸ್ವಲ್ಪ ತಡೆದು "ನಾಲ್ಕು" ಅಂದರು. ಅವರು ಬರೆದುಕೊಂಡು ಪಕ್ಕದ ಮಂಚಕ್ಕೆ ಹೋದರು. ಆದರೆ ಅಪ್ಪ ಮಂಚದ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರು ಅಂದರೆ ಬೆರಳಿನ ಗೆಣ್ಣೆಲ್ಲ ಬೆಳ್ಳಗಾಗಿದ್ದವು. ಯಾಕೆ ನಾಲ್ಕು ಅಂದ್ರಿ ಅಂತ ಕೇಳಿದೆ. "ಜಾಸ್ತಿ ಹೇಳಿದ್ರೆ ಅವರಿಗೆ ತೊಂದರೆ ಅಲ್ವಾ, ಪಾಪ" ಅಂದರು. ನಾನೇ ಎದ್ದು ಹೋಗಿ ಹೇಳಿದ ಮೇಲೆ ಇಂಜೆಕ್ಷನ್ ಕೊಟ್ಟರು.

ಹಾಗಂತ ಅಂಕಿಗಳೇ ಬೇಡ ಅನ್ನುವವಳಲ್ಲ ನಾನು. 1952ರಲ್ಲಿ ವರ್ಜೀನಿಯಾ ಅಪ್ಗಾರ್ ಎಂಬ ವೈದ್ಯೆ ಆಗಷ್ಟೇ ಹುಟ್ಟಿದ ಮಗುವಿಗೆ ಅಂಕ ಕೊಡುವ ಕ್ರಮ ಹಾಕಿಕೊಟ್ಟರು. ಮೈಬಣ್ಣ, ಎದೆಬಡಿತ, ಉಸಿರು, ಕೈಕಾಲಿನ ಬಿಗಿ, ಕೆಣಕಿದರೆ ಮಗು ಮುಖ ಸಿಂಡರಿಸುತ್ತದಾ ಇಲ್ಲವಾ, ಒಂದೊಂದಕ್ಕೂ 0, 1 ಇಲ್ಲವೇ 2. ಇಂದಿಗೂ ಹೆರಿಗೆ ಕೋಣೆಗಳಲ್ಲಿ ಇದೇ ನಡೆಯುತ್ತಿದೆ. ಒಳ್ಳೆಯ ಕೆಲಸವೇ ಮಾಡಿದೆ, ಯಾಕೆಂದರೆ ಆ ಅಂಕ ಕೊಡಬೇಕಾದರೆ ಯಾರಾದರೂ ಬಗ್ಗಿ ಮಗುವನ್ನು ನೋಡಲೇಬೇಕು, ಮುಟ್ಟಲೇಬೇಕು. ಅಪ್ಪನ ನಾಲ್ಕಕ್ಕೆ ಯಾರೂ ಅಪ್ಪನ ಕಡೆ ನೋಡಬೇಕಾಗಿರಲಿಲ್ಲ.

ದೇಶದ ಲೆಕ್ಕದಲ್ಲೂ ಇದೇ ಕಥೆ. ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕ ಕಟ್ಟಿಕೊಟ್ಟ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ, ಈ ಅಂಕಿ ನೋಡಿ ಜನರ ಯೋಗಕ್ಷೇಮ ಹೇಳುವುದು ಕಷ್ಟ ಅಂತ ಅಲ್ಲಿನ ಸಂಸತ್ತಿಗೆ ಬರೆದುಕೊಟ್ಟಿದ್ದರು. ಆಮೇಲೆ ಎಲ್ಲರೂ ಅಂಕಿ ಇಟ್ಟುಕೊಂಡರು, ಎಚ್ಚರಿಕೆ ಬಿಟ್ಟರು.

ನನ್ನ ಬೇಡಿಕೆ ಚಿಕ್ಕದು. ಆಸ್ಪತ್ರೆಯಿರಲಿ, ಶಾಲೆಯಿರಲಿ, ವೃದ್ಧಾಶ್ರಮವಿರಲಿ, ಅಂಕಿ ತುಂಬುವ ಪ್ರತಿ ಹಾಳೆಯಲ್ಲೂ ಪಕ್ಕದಲ್ಲಿ ಒಂದು ಖಾಲಿ ಸಾಲು ಬಿಡಿ. ಕೇಳಿದವರು ತಮ್ಮ ಕಣ್ಣಿಗೆ ಕಂಡದ್ದನ್ನು ಅಲ್ಲಿ ಬರೆಯಲಿ. ಅಪ್ಪನ ಹಾಳೆಯಲ್ಲಿ "ಕಂಬಿ ಬಿಗಿಯಾಗಿ ಹಿಡಿದಿದ್ದಾರೆ" ಅಂತ ಬರೆಯಲು ಅರ್ಧ ನಿಮಿಷವೂ ಬೇಕಿರಲಿಲ್ಲ.

ಇಂತಿ,
ನಿಮ್ಮ ಓದುಗಿ