ಗಾಂಧೀಜಿ ಬಗ್ಗೆ ಮಕ್ಕಳು ಪ್ರಶ್ನೆ ಕೇಳಬಾರದಾ?

ಮಾನ್ಯ ಸಂಪಾದಕರೇ,

ನನ್ನ ಮಗಳು ಏಳನೇ ತರಗತಿ. ಗಾಂಧಿ ಜಯಂತಿಗೆ ಭಾಷಣ ಮಾಡು ಅಂತ ಶಾಲೆಯಲ್ಲಿ ಒಂದು ಹಾಳೆ ಬರೆದು ಕೊಟ್ಟಿದ್ದರು. ಹುಟ್ಟಿದ್ದು 1869, ಪೋರಬಂದರ್, ತಂದೆ ಕರಮಚಂದ, ತಾಯಿ ಪುತಲೀಬಾಯಿ, ಕೊನೆಗೆ ಜೈ ಹಿಂದ್. ನಾನು ಶಾಲೆಯಲ್ಲಿದ್ದಾಗ ಒಪ್ಪಿಸಿದ್ದೂ ಇದನ್ನೇ.

ಸುಮ್ನೆ ಬಾಯಿಪಾಠ ಬೇಡ ಅಂತ ನಾವಿಬ್ಬರೂ ಕೂತು ಮೈಲಾರ ಮಹಾದೇವಪ್ಪನವರ ವಿಷಯ ಸೇರಿಸಿದೆವು. ಇಲ್ಲೇ ಮೋಟೆಬೆನ್ನೂರಿನವರು, 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ ತಂಡದಲ್ಲಿದ್ದ ಒಬ್ಬರೇ ಕನ್ನಡಿಗರು. ಅದೇ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ಕಿತ್ತುಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಜೊತೆ ಪೊಲೀಸರ ಗುಂಡಿಗೆ ಬಲಿಯಾದರು. ಇದನ್ನು ಬರೆಯುವಾಗ ಮಗಳು ಪೆನ್ನು ಕೆಳಗಿಟ್ಟು ಕೇಳಿದಳು, "ಅವ್ವಾ, ಗಾಂಧೀಜಿ ಅಹಿಂಸೆ ಅಂದಿದ್ದರು, ಅವರ ಜೊತೆ ನಡೆದವರು ಹಿಂಗ್ಯಾಕೆ ಮಾಡಿದರು?"

ಎಂಥ ಒಳ್ಳೆ ಪ್ರಶ್ನೆ! ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಶಾಲೆಯಲ್ಲಿ ಕೇಳು ಅಂದೆ. ಕೇಳಿದ್ದಕ್ಕೆ, "ದೊಡ್ಡವರ ಬಗ್ಗೆ ಹಂಗೆಲ್ಲ ಮಾತಾಡಬಾರದು, ಕೊಟ್ಟಿದ್ದಷ್ಟು ಹೇಳು" ಅಂತ ಬೈಸಿಕೊಂಡು ಬಂದಳು. ಅದನ್ನೇ ಒಪ್ಪಿಸಿದಳು, ಚಪ್ಪಾಳೆಯೂ ಬಿತ್ತು.

ನನಗೆ ತುಂಬಾ ಬೇಜಾರಾಯಿತು. ಆ ಪ್ರಶ್ನೆಯಿಂದಲೇ ಒಂದಿಡೀ ಪಾಠ ಮಾಡಬಹುದಿತ್ತು ಅಲ್ವಾ? 1922ರಲ್ಲಿ ಚೌರಿಚೌರಾದಲ್ಲಿ ಜನ ಪೊಲೀಸ್ ಠಾಣೆ ಸುಟ್ಟಾಗ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು, ಜೊತೆಗಿದ್ದ ನಾಯಕರಿಗೇ ಅದು ಒಪ್ಪಿಗೆಯಾಗಲಿಲ್ಲ. 1942ರ ಆಗಸ್ಟ್‌ನಲ್ಲಿ ಗಾಂಧೀಜಿ ಸೇರಿ ದೊಡ್ಡ ನಾಯಕರೆಲ್ಲ ಒಂದೇ ಸಲ ಬಂಧನವಾದರು, ಆಮೇಲೆ ಊರೂರಿನ ಹುಡುಗರು ತಮಗೆ ಸರಿ ಕಂಡ ದಾರಿ ಹಿಡಿದರು. ಯಾರು ಸರಿ ಅಂತ ಮಕ್ಕಳೇ ವಾದ ಮಾಡಲಿ ಬಿಡಿ.

ಗಾಂಧೀಜಿ ಅಂತೂ ಏನನ್ನೂ ಮುಚ್ಚಿಟ್ಟವರಲ್ಲ. ಚಿಕ್ಕವರಿದ್ದಾಗ ಅಣ್ಣನ ಕಡಗದ ಚಿನ್ನ ಕದ್ದಿದ್ದು, ಅದನ್ನು ಚೀಟಿಯಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟಿದ್ದು, ಓದಿ ಅಪ್ಪ ಅತ್ತಿದ್ದು, ಎಲ್ಲಾ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಹನ್ನೆರಡು ವರ್ಷದ ಮಗುವಿಗೆ ಪೋರಬಂದರ್‌ಗಿಂತ ಈ ಚೀಟಿ ಜಾಸ್ತಿ ಹತ್ತಿರ ಅನಿಸುತ್ತದೆ. ಇದನ್ನು ಹೇಳಿದರೆ ಅವರ ಗೌರವ ಕಮ್ಮಿಯಾಗುತ್ತದೆ ಅಂತ ನನಗಂತೂ ಅನಿಸುವುದಿಲ್ಲ.

ನಮ್ಮ ಜಿಲ್ಲೆಯ ಶಿಕ್ಷಕರಲ್ಲಿ ಒಂದು ವಿನಂತಿ. ಪ್ರವಾಸ ಅಂತ ಹಂಪಿ, ಜೋಗಕ್ಕೆ ಹೋಗುವ ಬಸ್ಸು ಒಂದು ದಿನ ಹೊಸರಿತ್ತಿಗೂ ಹೋಗಲಿ. ಹಾವೇರಿಯಲ್ಲೇ ಮಹಾದೇವಪ್ಪನವರ ಸ್ಮಾರಕವಿದೆ, ಅಲ್ಲೂ ನಿಲ್ಲಲಿ. ಅಲ್ಲಿ ಮಕ್ಕಳು ಏನು ಕೇಳಿದರೂ ದಯವಿಟ್ಟು ಬೈಯಬೇಡಿ.

– ಒಬ್ಬ ತಾಯಿ, ಹಾವೇರಿ